ಹತ್ತನೇ ತರಗತಿ ಮುಗಿದ ಮೇಲಿನ ಆಟ



2025ರ ಜನವರಿ 19, ಭಾನುವಾರ. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್‌ನ ಫೈನಲ್. ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು ಬಿ. ಚೈತ್ರಾ. ನಮ್ಮ ಮೈಸೂರು ಜಿಲ್ಲೆಯವರೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ರೈತ ಕುಟುಂಬದ ಮಗಳು.

ಆ ಪಂದ್ಯದ ಕೊನೆಯ ಸರದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಖೋ ಖೋದಲ್ಲಿ ಡಿಫೆಂಡರ್‌ಗಳು ಮೂರು ಮೂರು ಜನರ ತಂಡವಾಗಿ ಅಂಗಳಕ್ಕೆ ಇಳಿಯುತ್ತಾರೆ. ಎದುರಾಳಿಗಳು ಎರಡು ಕಂಬಗಳ ನಡುವೆ ಸಾಲಾಗಿ, ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಬರುವವರು ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಸಾಲನ್ನು ದಾಟುವಂತಿಲ್ಲ; ಡಿಫೆಂಡರ್‌ಗೆ ಆ ಕಟ್ಟುಪಾಡಿಲ್ಲ. ಆದರೆ ಬೆನ್ನ ಹಿಂದಿನಿಂದ ‘ಖೋ’ ಎಂಬ ಒಂದು ಸದ್ದು ಬಿದ್ದರೆ ಸಾಕು, ಅಲ್ಲಿವರೆಗೆ ಸುಮ್ಮನೆ ಕೂತಿದ್ದವರು ಚಿಗರೆಯಂತೆ ಎದ್ದು ಮೈಮೇಲೆ ಬರುತ್ತಾರೆ. ಯಾರು ಏಳುತ್ತಾರೆ ಎಂದು ಅವರ ಭುಜ ನೋಡಿಯೇ ಅಂದಾಜು ಮಾಡಬೇಕು, ಸೊಂಟ ತಿರುಗಿಸಿ ಸಾಲಿನ ನಡುವೆ ನುಸುಳಬೇಕು, ಉಸಿರು ಹಿಡಿದು ಕಂಬ ಸುತ್ತಬೇಕು. ಇಂಥ ಆಟದಲ್ಲಿ ಒಂದು ನಿಮಿಷ ಸಿಗದೆ ಓಡಿದರೇ ಜನ ಭೇಷ್ ಅನ್ನುತ್ತಾರೆ. ಮೂರು ನಿಮಿಷ ದಾಟಿದರೆ ಅದಕ್ಕೆ ‘ಡ್ರೀಮ್ ರನ್’ ಎಂದು ಹೆಸರು, ಓಡಿದವರಿಗೇ ಅಂಕ. ಅವತ್ತು ಚೈತ್ರಾ ಅವರ ತಂಡ 5 ನಿಮಿಷ 14 ಸೆಕೆಂಡ್ ನೇಪಾಳದ ಕೈಗೆ ಸಿಗಲಿಲ್ಲ. 73ರಲ್ಲಿದ್ದ ಭಾರತದ ಅಂಕ 78ಕ್ಕೆ ಏರಿತು.

ಆ ಐದು ನಿಮಿಷ ಒಂದು ದಿನದಲ್ಲಿ ಬಂದದ್ದಲ್ಲ. ಕುರುಬೂರಿನಂಥ ಊರಿನಲ್ಲಿ ಸಂಜೆಯ ಹೊತ್ತು ಮಕ್ಕಳು ಮೈದಾನಕ್ಕೆ ಇಳಿಯುತ್ತಾರೆ, ಅವರ ಜೊತೆ ನಿಲ್ಲಲು ಒಬ್ಬ ತರಬೇತುದಾರರು ಇರುತ್ತಾರೆ. ವರ್ಷಗಟ್ಟಲೆ ನಡೆದ ಆ ಅಭ್ಯಾಸದ ಫಲ ಅದು. ಮೊಣಕಾಲು ತರಚಿ, ಮಣ್ಣು ಮೆತ್ತಿ, ಮತ್ತೆ ಎದ್ದು ಓಡಿದವರಿಗಷ್ಟೇ ಆ ಐದು ನಿಮಿಷ ದಕ್ಕುತ್ತದೆ.

ಗೆದ್ದ ಮೇಲೆ ಏನಾಯಿತು? ರಾಜ್ಯ ಸರ್ಕಾರ ಚೈತ್ರಾ ಅವರಿಗೂ, ಪುರುಷರ ತಂಡದಲ್ಲಿದ್ದ ರಾಜ್ಯದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಅದನ್ನು ನಯವಾಗಿಯೇ ಬೇಡವೆಂದರು. ಮಹಾರಾಷ್ಟ್ರ ತನ್ನ ವಿಶ್ವಕಪ್ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿದೆ, ನಮಗೇಕೆ ಈ ತಾರತಮ್ಯ ಎಂದು ಕೇಳಿದರು. ದುಡ್ಡಿನ ಆಸೆ ಎಂದು ಕೆಲವರು ಮೂಗು ಮುರಿದಿರಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಅವರು ಕೇಳಿದ್ದರಲ್ಲಿ ಹಣಕ್ಕಿಂತ ಮುಖ್ಯವಾದದ್ದು ಕೆಲಸ. ಹಾರ ಒಂದು ದಿನಕ್ಕೆ ಬಾಡುತ್ತದೆ, ತಿಂಗಳ ಸಂಬಳ ಬಾಡುವುದಿಲ್ಲ.

ಆಟವನ್ನೇ ಬದುಕು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ಇನ್ನೊಬ್ಬ ರೈತನ ಮಗನ ಕಥೆ ಇದೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, ಏಳು ಅಡಿ ಎರಡು ಅಂಗುಲದ ಆಳು. ಲೂಧಿಯಾನದಲ್ಲಿ ಬಾಸ್ಕೆಟ್‌ಬಾಲ್ ಕಲಿತು, 14ನೇ ವಯಸ್ಸಿಗೆ ಅಮೆರಿಕದ ಫ್ಲಾರಿಡಾಕ್ಕೆ ತರಬೇತಿಗೆ ಹೋದರು. 2015ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹೊಸ ಆಟಗಾರರ ಆಯ್ಕೆಯಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿಕೊಂಡಿತು. ಎನ್‌ಬಿಎ ತಂಡವೊಂದು ಹೀಗೆ ಆರಿಸಿಕೊಂಡ ಮೊದಲ ಭಾರತೀಯ ಅವರೇ. ದೇಶವೆಲ್ಲ ಚಪ್ಪಾಳೆ ತಟ್ಟಿತು. ಆದರೆ ಎನ್‌ಬಿಎಯ ಒಂದು ಪಂದ್ಯಕ್ಕೂ ಅವರು ಇಳಿಯಲಿಲ್ಲ. ಎರಡನೇ ಹಂತದ ಲೀಗ್‌ನಲ್ಲೇ ಆಡಿದರು. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ ಬಂತು. ಆಮೇಲೆ ಅವರು ಅಮೆರಿಕದ ಟಿವಿ ಕುಸ್ತಿಯ ಅಖಾಡಕ್ಕೆ ಹೋದರು. ಅಷ್ಟು ಎತ್ತರ, ಅಷ್ಟು ತರಬೇತಿ ಇದ್ದವರಿಗೇ ಮೂವತ್ತು ತುಂಬುವ ಮೊದಲು ದಾರಿ ಬದಲಿಸಬೇಕಾಯಿತು. ಮಂಡಿಯೋ ಹಿಮ್ಮಡಿಯೋ ಒಮ್ಮೆ ಕೈಕೊಟ್ಟರೆ ಮುಗಿಯುವ ಬದುಕು ಆಟಗಾರರದು.

ನಮ್ಮ ಖೋ ಖೋ ಹೆಣ್ಣುಮಕ್ಕಳಿಗೆ ಎರಡನೇ ಹಂತದ ಲೀಗ್ ಕೂಡ ಇರಲಿಲ್ಲ. 2022ರಲ್ಲಿ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ, ಕಟಕ್‌ನಲ್ಲಿ ನಡೆದ ಅದರ ಎರಡನೇ ಆವೃತ್ತಿ, ಎರಡರಲ್ಲೂ ಆಡಿದ್ದು ಗಂಡಸರ ತಂಡಗಳು. ಅಂದರೆ ಸಂಬಳ ಕೊಡುವ ಲೀಗ್ ಒಂದೂ ಇಲ್ಲದೆ ಆ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದು ಬಂದರು.

ಈಗ ನಮ್ಮ ಕಡೆಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ. ಮಳೆಗಾಲದಲ್ಲಿ ಶಾಲೆಗಳಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ, ಆಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ. ದಸರಾ ಬಂದರೆ ದಸರಾ ಕ್ರೀಡಾಕೂಟ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವುದೂ ಅದೇ ತಿಂಗಳುಗಳಲ್ಲಿ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಹಗಲೂ ರಾತ್ರಿ ಬೆಂಕಿ ನೋಡಿಕೊಳ್ಳಬೇಕು, ಮನೆಯವರೆಲ್ಲ ಸೊಪ್ಪು ಕಟ್ಟುವುದರಲ್ಲಿ ಮುಳುಗಿರುತ್ತಾರೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿ. ಹೆಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು, ಆನೆಯ ಭಯ. ಇಷ್ಟರ ನಡುವೆಯೂ ನಮ್ಮ ಹುಡುಗಿಯರು ಆಡುತ್ತಾರೆ. ಹೋಬಳಿಯಲ್ಲಿ ಗೆಲ್ಲುತ್ತಾರೆ, ತಾಲ್ಲೂಕಿನಲ್ಲೂ ಗೆಲ್ಲುತ್ತಾರೆ.

ಆಮೇಲೆ ಎಸ್‌ಎಸ್‌ಎಲ್‌ಸಿ ಮುಗಿಯುತ್ತದೆ. ಪಿ.ಟಿ. ಮೇಷ್ಟ್ರು ಮನೆಗೆ ಬಂದು, ‘ಹುಡುಗಿ ಚೆನ್ನಾಗಿ ಓಡ್ತಾಳೆ, ಬಿಡಿಸಬೇಡಿ’ ಎಂದರೆ ಬರುವ ಉತ್ತರ ನಮಗೆಲ್ಲ ಗೊತ್ತು: ‘ಸಾಕು ಬಿಡಿ ಮೇಷ್ಟ್ರೆ, ದೊಡ್ಡೋಳಾದ್ಲು. ಆಟ ಆಡಿದ್ರೆ ಅನ್ನ ಸಿಕ್ತದಾ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಬೆಳೆ ಇಟ್ಟ ತಂದೆ ಕೇಳಲೇಬೇಕಾದ ಪ್ರಶ್ನೆ ಅದು. ಎಲ್ಲರೂ ಚೈತ್ರಾ ಆಗುವುದಿಲ್ಲ ಎಂಬುದೂ ನಿಜ. ಆದರೆ ಆಟದಿಂದ ಅನ್ನಕ್ಕೆ ಹೋಗುವ ದಾರಿಗಳು ವಿಶ್ವಕಪ್ ಒಂದರಲ್ಲೇ ಇಲ್ಲ. ಪೊಲೀಸ್ ಇಲಾಖೆಯಲ್ಲಿ, ರೈಲ್ವೆಯಲ್ಲಿ ಕ್ರೀಡಾಪಟುಗಳಿಗೆ ಕೆಲಸ ಉಂಟು. ಬಿ.ಪಿ.ಎಡ್. ಮಾಡಿದರೆ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ ಆಗಬಹುದು. ಆ ಬಾಗಿಲುಗಳೆಲ್ಲ ತೆರೆಯುವುದು ಹದಿನೆಂಟರ ನಂತರ, ನಾವು ಮಕ್ಕಳನ್ನು ಮೈದಾನದಿಂದ ಕರೆದುಕೊಳ್ಳುವುದು ಹದಿನಾರಕ್ಕೆ. ಕೈಗೆ ಸಿಗಬಹುದಾದದ್ದು ಆ ಎರಡು ವರ್ಷಗಳಲ್ಲೇ ಜಾರಿಹೋಗುತ್ತದೆ.

ಕೆಲಸ ಸಿಗದೇ ಹೋದರೂ ನಷ್ಟವಿಲ್ಲ. ಖೋ ಖೋ ಆಡಿದ ಹುಡುಗಿಗೆ ಗುಂಪಿನಲ್ಲಿ ತನ್ನ ಸರದಿಗೆ ಕಾಯುವುದು ಗೊತ್ತು, ಕರೆ ಬಂದ ಕ್ಷಣಕ್ಕೆ ಏಳುವುದು ಗೊತ್ತು, ಸೋತ ಮರುದಿನ ಮತ್ತೆ ಮೈದಾನಕ್ಕೆ ಹೋಗುವುದು ಗೊತ್ತು. ಸಂಸಾರಕ್ಕೂ ಸಂಘಕ್ಕೂ ಗ್ರಾಮ ಪಂಚಾಯಿತಿಗೂ ಬೇಕಾದ ಗುಣಗಳಿವು.

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರ ಮಾಡಲಿ. ಗೆದ್ದವರಿಗೆ ಹಾರದ ಜೊತೆ ಕೆಲಸದ ಆದೇಶವನ್ನೂ ಕೊಡಲಿ, ತಾಲ್ಲೂಕಿಗೊಬ್ಬ ಕಾಯಂ ತರಬೇತುದಾರರನ್ನು ನೇಮಿಸಲಿ. ನಾವು ಮಾಡಬಹುದಾದದ್ದು ಎರಡೇ. ಊರಿನ ಶಾಲೆ ಮೈದಾನವನ್ನು ಸಂಜೆ ಹೊತ್ತು ಮಕ್ಕಳಿಗೆ ಬಿಟ್ಟುಕೊಡೋಣ. ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದು, ರಾಗಿ ಒಕ್ಕುವುದು ಬೇಡ. ಆಡುವ ಮಗಳು ಮನೆಯಲ್ಲಿದ್ದರೆ, ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಇನ್ನೂ ಎರಡು ವರ್ಷ ಅವಳನ್ನು ಮೈದಾನದಲ್ಲಿ ಬಿಡಿ. ಇಷ್ಟು ಮಾಡಿ.