ಪಾರ್ಲರ್‌ನಲ್ಲಿ ಹೇಳದ ಮಾತು

ಕೋಥ್ರೂಡ್‌ನ ನನ್ನ ಪಾರ್ಲರ್‌ಗೆ ಬರುವವರು ಐವಿಎಫ್ ನಡೆಯುತ್ತಿದೆ ಎಂದು ಹೇಳುವುದೇ ಇಲ್ಲ, ಸಂಕೋಚ. ಹೋದ ವರ್ಷ ಕೆರಾಟಿನ್ ಮಾಡಿಸಲು ಬಂದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದಳು. ಬಾಟಲಿ ಮುಚ್ಚಿಟ್ಟೆ. ಆ ದ್ರಾವಣ ಬಿಸಿಯಾದರೆ ಫಾರ್ಮಾಲ್ಡಿಹೈಡ್ ಹೊಗೆ ಬರಬಹುದು.

ಥ್ರೆಡಿಂಗಿಗೆಲ್ಲ ಹೆದರಬೇಡಿ. ಹೆದರಬೇಕಾದ್ದು ಮನೆಯ ಕಪಾಟಿನಲ್ಲಿದೆ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಗರ್ಭದ ಮಗುವಿಗೆ ತೀವ್ರ ಅಂಗದೋಷ ತರಬಲ್ಲದು. ನಿಲ್ಲಿಸಿದ ಮೇಲೂ ಕನಿಷ್ಠ 1 ತಿಂಗಳು ಕಾಯಬೇಕು. ರೆಟಿನಾಲ್ ಕ್ರೀಮೂ ಬದಿಗಿಡಿ. ಅಂಡಾಣು ತೆಗೆಯುವ ದಿನ ನೇಲ್ ಪಾಲಿಶ್, ಸೆಂಟು ಎರಡೂ ಬೇಡ: ಬಣ್ಣ ಬೆರಳಿನ ಆಕ್ಸಿಮೀಟರ್‌ಗೆ ಅಡ್ಡಿ, ಸೆಂಟಿನ ಆವಿ ಲ್ಯಾಬಿನ ಭ್ರೂಣಕ್ಕೆ ಒಳ್ಳೆಯದಲ್ಲ.

ಆ ಹುಡುಗಿಗೆ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಕಳಿಸಿದೆ. ಬಾಗಿಲ ಬಳಿ ತಿರುಗಿ, "ನಮ್ಮತ್ತೆಗೆ ಹೇಳಬೇಡಿ ಅಕ್ಕಾ" ಅಂದಳು.