ಕೂಸಿನ ಸೀಟಿಗೂ ಒಂದು ವಿಳಾಸ ಬೇಕು

2017ರ ಜೂನ್ ತಿಂಗಳಲ್ಲಿ ನಮ್ಮ ಹೈದರಾಬಾದಿನ ಪೇಟ್ಲಬುರ್ಜ್ ಹೆರಿಗೆ ಆಸ್ಪತ್ರೆಯಲ್ಲಿ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಬಾಣಂತಿಯರಿಗೆ ಕಿಟ್ ಹಂಚುವ ಯೋಜನೆಗೆ ಚಾಲನೆ ಕೊಟ್ಟರು. ಕೂಸಿಗೆ ಸೋಪು, ಎಣ್ಣೆ, ಪೌಡರು, ಬಟ್ಟೆ, ಸೊಳ್ಳೆಪರದೆ ಇರುವ ಹಾಸಿಗೆ, ತಾಯಿಗೆ ಸೀರೆ, ಹೀಗೆ ಒಟ್ಟು 16 ಸಾಮಾನು. ತಾಯಿ ಮಗುವನ್ನು ಮನೆ ಮುಟ್ಟಿಸಲು 102 ಸಂಖ್ಯೆಯ ಸರ್ಕಾರಿ ವಾಹನವೂ ಇತ್ತು. ಕರ್ನಾಟಕದಲ್ಲೂ ಇಂಥದೇ ಕೆಲಸಕ್ಕೆ ‘ಮಡಿಲು’ ಕಿಟ್, ‘ನಗು-ಮಗು’ ವಾಹನ ಬಂದಿದ್ದವು. ಎಷ್ಟೋ ಬಡ ಬಾಣಂತಿಯರಿಗೆ ಆಸರೆಯಾದ ಯೋಜನೆಗಳು ಇವು. ಆದರೆ ಆಸ್ಪತ್ರೆಯಿಂದ ಮನೆಗೆ ಹೋಗುವ ಆ ಮೊದಲ ದಾರಿಯಲ್ಲಿ ಕೂಸು ಎಲ್ಲಿರಬೇಕು ಎಂದು ಕೇಳಿದರೆ ನಮ್ಮಲ್ಲಿ ಬಡವರು ಶ್ರೀಮಂತರು ಎನ್ನದೆ ಎಲ್ಲರೂ ಕೊಡುವ ಉತ್ತರ ಒಂದೇ: ಅಮ್ಮನ ತೊಡೆಯ ಮೇಲೆ, ಇಲ್ಲವೇ ಅಜ್ಜಿಯ ತೊಡೆಯ ಮೇಲೆ.

ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಲೆಕ್ಕದ್ದೇ ತೊಡಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದ ಕಾರು ಯಾವುದಕ್ಕೋ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ 5 ಕಿಲೋ ತೂಕದ ಕೂಸನ್ನು ಹಿಡಿದಿಡಲು ಸುಮಾರು 100 ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗುವ ಮಾತಲ್ಲ. ನಾನು ಹೇಳಿದ್ದು ಊರೊಳಗಿನ ವೇಗ. 158 ಕಿಲೋಮೀಟರ್ ಉದ್ದದ ನಮ್ಮ ಔಟರ್ ರಿಂಗ್ ರೋಡಿನಲ್ಲಿ ಕಾರುಗಳು ಇದರ ಎರಡು ಪಟ್ಟು ವೇಗದಲ್ಲಿ ಓಡುತ್ತವೆ.

ತೋಳಿಗೆ ಆಗದ ಆ ಕೆಲಸಕ್ಕೆಂದೇ ಇರುವುದು ಕಾರಿಗೆ ಬಿಗಿಯುವ ಮಕ್ಕಳ ಸೀಟು. ಆದರೆ ಅದು ಹುಟ್ಟಿದ್ದು ಅಪಘಾತದ ಯೋಚನೆಯಿಂದಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಬಂದ ಸೀಟುಗಳ ಉದ್ದೇಶ ಮಗುವನ್ನು ಸ್ವಲ್ಪ ಎತ್ತರದಲ್ಲಿ, ದೊಡ್ಡವರ ಕಣ್ಣಿಗೆ ಬೀಳುವಂತೆ, ಅತ್ತಿತ್ತ ಹರಿದಾಡದಂತೆ ಕೂರಿಸುವುದು, ಅಷ್ಟೇ. ಜೀವ ಉಳಿಸುವ ಸೀಟಿನ ಯೋಚನೆ ಬಲವಾದದ್ದು 1960ರ ದಶಕದಲ್ಲಿ. ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಗಗನಯಾತ್ರಿಗಳು ಬೆನ್ನಿಗೆ ಆತು ಮಲಗಿದಂತೆ ಕೂತು ರಾಕೆಟ್ಟಿನ ರಭಸ ತಡೆದುಕೊಳ್ಳುವುದನ್ನು ಗಮನಿಸಿದರು. ಎಳೆಗೂಸಿನ ಮೈಯಲ್ಲಿ ತಲೆಯೇ ದೊಡ್ಡದು, ಕತ್ತು ಮೆತ್ತಗೆ. ಹಾಗಾಗಿ ಕೂಸು ಹಿಂದಕ್ಕೆ ಮುಖ ಮಾಡಿ ಕೂತರೆ ಗುದ್ದಿದ ಪೆಟ್ಟು ಕತ್ತಿಗೆ ಬೀಳದೆ ಬೆನ್ನಿನ ಉದ್ದಕ್ಕೂ ಹಂಚಿಹೋಗುತ್ತದೆ. 1964ರಲ್ಲಿ ವೋಲ್ವೋ ಕಾರಿನಲ್ಲಿ ಇಂಥ ಸೀಟನ್ನು ಪರೀಕ್ಷಿಸಿದರು. ಇವತ್ತಿಗೂ ಎಳೆಗೂಸಿನ ಸೀಟು ನಿಂತಿರುವುದು ಇದೇ ತತ್ವದ ಮೇಲೆ.

ಸೀಟು ಬಂದ ಮಾತ್ರಕ್ಕೆ ಜನ ಒಪ್ಪಲಿಲ್ಲ. ಇಡೀ ಚರಿತ್ರೆಯಲ್ಲಿ ನಮಗೆ ತೀರ ಹತ್ತಿರದ್ದು ಅಮೆರಿಕದ ಟೆನ್ನೆಸ್ಸೀ ರಾಜ್ಯದ ಕಥೆ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಶಾಸಕರ ಬೆನ್ನು ಬಿದ್ದು, ಕಾರಿನಲ್ಲಿ ಚಿಕ್ಕ ಮಕ್ಕಳಿಗೆ ಸೀಟು ಕಡ್ಡಾಯ ಎಂಬ ಕಾನೂನು ಮಾಡಿಸಿದರು. 1978ರ ಜನವರಿ 1ರಂದು ಜಾರಿಗೆ ಬಂದ ಅದು ಅಮೆರಿಕದಲ್ಲೇ ಇಂಥ ಮೊದಲ ಕಾನೂನು. ಆದರೆ ಶಾಸಕರು ಅದರಲ್ಲೊಂದು ಕಿಂಡಿ ಬಿಟ್ಟರು: ದೊಡ್ಡವರು ಕೂಸನ್ನು ತೋಳಿನಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಕಿಲ್ಲ! ಕಾರು ಗುದ್ದಿದಾಗ ಮುಂದಕ್ಕೆ ಚಿಮ್ಮುವ ದೊಡ್ಡವರ ಮೈಭಾರವೇ ಕೂಸನ್ನು ಜಜ್ಜುತ್ತದೆ ಎಂದು ಆ ವೈದ್ಯರು ಮತ್ತೆ ಹೋರಾಡಿ, 1981ರಲ್ಲಿ ಆ ಕಿಂಡಿಯನ್ನು ಮುಚ್ಚಿಸಿದರು. ಅಲ್ಲಿಯೂ ಕೊನೆಗೆ ಬಿಟ್ಟುಕೊಡಲು ಕಷ್ಟವಾದದ್ದು ತೊಡೆಯನ್ನೇ.

ಇನ್ನು ಸೀಟೇ ಕೆಟ್ಟಿದ್ದರೆ? 2014ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಕೋ ಕಂಪನಿ ತನ್ನ ಸುಮಾರು 37 ಲಕ್ಷ ಸೀಟುಗಳಲ್ಲಿ ದೋಷವಿದೆ ಎಂದು ಪ್ರಕಟಿಸಿ, ಬದಲಿ ಬಕಲ್ ಕೊಡಲು ಒಪ್ಪಿತು. ಜುಲೈ ಹೊತ್ತಿಗೆ ಎಳೆಗೂಸುಗಳ ಸೀಟೂ ಸೇರಿ ಸಂಖ್ಯೆ 60 ಲಕ್ಷದ ಆಚೆ ಹೋಯಿತು. ದೋಷ ಏನು ಗೊತ್ತೇ? ಮಗುವಿನ ಹೊಟ್ಟೆಯ ಮುಂದೆ ಪಟ್ಟಿಗಳನ್ನು ಕೂಡಿಸುವ ಬಕಲ್ಲಿನ ಒಳಗೆ ತಿಂಡಿಯ ಚೂರು, ಚೆಲ್ಲಿದ ಜ್ಯೂಸು ಇಳಿದು ಒಣಗಿ, ಕೆಂಪು ಗುಂಡಿ ಒತ್ತಿದರೂ ಅದು ಬಿಚ್ಚುತ್ತಿರಲಿಲ್ಲ. ಕಾರಿಗೆ ಬೆಂಕಿ ಹೊತ್ತಿದರೆ ಮಗುವನ್ನು ಹೊರಗೆಳೆಯುವುದು ಹೇಗೆ? ದೋಷವನ್ನು ಸಕಾಲದಲ್ಲಿ ತಿಳಿಸದ ತಪ್ಪಿಗೆ ಮರುವರ್ಷ ಆ ಕಂಪನಿ 1 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಹಾಲಿನಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತನ್ನು ಕೈಗೆ ಕೊಟ್ಟು ಮಗುವನ್ನು ಸುಮ್ಮನಾಗಿಸುವ ನಮ್ಮ ಊರಿನಲ್ಲಿ ಆ ಬಕಲ್ಲಿನ ಗತಿ ಊಹಿಸಿ. ಅದನ್ನು ಬರೀ ನೀರಿನಲ್ಲಿ ತೊಳೆದು ಒಣಗಿಸಬೇಕು, ಎಣ್ಣೆ ಬಿಡಬಾರದು.

ಅಷ್ಟು ಸೀಟುಗಳ ಒಡೆಯರು ಸಿಕ್ಕಿದ್ದು ಹೇಗೆ? 1993ರಿಂದ ಅಮೆರಿಕದಲ್ಲಿ ಪ್ರತಿ ಮಕ್ಕಳ ಸೀಟಿನ ಜೊತೆ ಒಂದು ಕಾರ್ಡು ಕಡ್ಡಾಯ. ಕೊಂಡವರು ಹೆಸರು, ವಿಳಾಸ ತುಂಬಿ ಕಳಿಸಿದರೆ, ನಾಳೆ ದೋಷ ಕಂಡಾಗ ಕಂಪನಿಯಿಂದ ಪತ್ರ ಬರುತ್ತದೆ. ಎಲ್ಲರೂ ತುಂಬಿ ಕಳಿಸುವುದಿಲ್ಲ ನಿಜ, ಆದರೂ ದಾರಿಯಂತೂ ಇದೆ.

ನಮ್ಮ ದೇಶದ ಚರಿತ್ರೆ ಚಿಕ್ಕದು. ಗ್ರಾಕೋ ಸುದ್ದಿ ಬಂದದ್ದಕ್ಕೆ ಒಂದೆರಡು ವಾರ ಮೊದಲಷ್ಟೇ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಕಾರುಗಳನ್ನು ಗುದ್ದಿಸಿ ನೋಡಿ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಕೊಟ್ಟಿತ್ತು. 2019ರ ಸೆಪ್ಟೆಂಬರಿನಿಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು ಜಾರಿಯಲ್ಲಿದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ. ಬೈಕಿನಲ್ಲಿ ಕೂರುವ ನಾಲ್ಕು ವರ್ಷದೊಳಗಿನ ಮಕ್ಕಳಿಗೂ 2023ರಿಂದ ಸುರಕ್ಷಾ ಪಟ್ಟಿ, ಹೆಲ್ಮೆಟ್ಟು, 40ರ ವೇಗಮಿತಿ ಬಂತು. ರಸ್ತೆಯಲ್ಲಿ ಈ ನಿಯಮಗಳ ಪಾಲನೆ ಎಷ್ಟು ಕಾಣುತ್ತದೆ ಎಂದು ನೀವೇ ಬಲ್ಲಿರಿ. 2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗ್ ಬಿಚ್ಚಿಕೊಂಡ ಹೊಡೆತಕ್ಕೆ ಪ್ರಾಣ ಬಿಟ್ಟಿತು. ದೊಡ್ಡವರನ್ನು ಉಳಿಸಲು ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಉಬ್ಬುವ ಚೀಲ ಅದು. ಬಳಿಕ ಅಲ್ಲಿನ ಸಾರಿಗೆ ಆಯುಕ್ತರು ಡಿಸೆಂಬರಿನಿಂದ ಮಕ್ಕಳ ಸೀಟು ಇಲ್ಲದಿದ್ದರೆ ದಂಡ ಎಂದರು, ಕೆಲವೇ ದಿನಗಳಲ್ಲಿ ಸಾರಿಗೆ ಸಚಿವರು ಸದ್ಯಕ್ಕೆ ಇಲ್ಲ ಎಂದುಬಿಟ್ಟರು. ನನಗೆ ಅದು ಬಹಳ ಬೇಸರ ತಂದ ಸುದ್ದಿ.

ನಮ್ಮ ನಗರದ್ದೇ ಒಂದು ವಿಶೇಷ ಸಮಸ್ಯೆ ಇದೆ. ಕಾಚಿಗೂಡದಿಂದ ಗಚ್ಚಿಬೌಲಿಯವರೆಗೆ ಕಲಬುರಗಿ, ಬೀದರ, ರಾಯಚೂರು ಕಡೆಯ ಎಷ್ಟೋ ಕನ್ನಡ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಬಾಣಂತನಕ್ಕೆಂದು ಹೋದ ಅಜ್ಜಿಯರು ಅಲ್ಲಿ ಆಸ್ಪತ್ರೆಯಿಂದ ಕೂಸನ್ನು ಸೀಟಿನಲ್ಲೇ ಕಟ್ಟಿ ಮನೆಗೆ ತರುವುದನ್ನು ನೋಡಿ ಬರುತ್ತಾರೆ. ಮಗ ಸೊಸೆ ಊರಿಗೆ ವಾಪಸಾದಾಗ ಆ ಸೀಟೂ ಬರುತ್ತದೆ. ಮಗು ಬೆಳೆದ ಮೇಲೆ ಅದು ತಂಗಿಯ ಮನೆಗೆ, ಅಲ್ಲಿಂದ ಅಪಾರ್ಟ್‌ಮೆಂಟಿನ ಪಕ್ಕದ ಮನೆಗೆ. ನಡುವೆ ಸೀಟಿನಲ್ಲಿ ದೋಷ ಸಿಕ್ಕಿದರೆ ಪತ್ರ ಹೋಗುವುದು ಅವರು ಬಿಟ್ಟುಬಂದ ನ್ಯೂಜೆರ್ಸಿಯ ಬಾಡಿಗೆ ಮನೆಗೆ. ಆದ್ದರಿಂದ ಕೈ ಬದಲಿಸಿ ಬಂದ ಸೀಟನ್ನು ಮಗುಚಿ ನೋಡಿ. ತಳದಲ್ಲೋ ಬೆನ್ನಲ್ಲೋ ಅಂಟಿಸಿದ ಚೀಟಿಯಲ್ಲಿ ಮಾದರಿ ಸಂಖ್ಯೆ, ತಯಾರಾದ ದಿನಾಂಕ ಇರುತ್ತದೆ. ಅವನ್ನು ಕಂಪನಿಯ ತಾಣದಲ್ಲಿ ಹಾಕಿದರೆ ವಾಪಸು ಕರೆದ ಸೀಟೋ ಅಲ್ಲವೋ ತಿಳಿಯುತ್ತದೆ. ಅಲ್ಲೇ ನಿಮ್ಮ ಇಮೇಲ್ ಬರೆದು ನೋಂದಾಯಿಸಿ. ಚೀಟಿ ಕಿತ್ತುಹೋಗಿದ್ದರೆ, ಅಪಘಾತ ಕಂಡ ಸೀಟಾಗಿದ್ದರೆ ಯಾರಿಗೂ ಕೊಡಬೇಡಿ.

ಇಲ್ಲೇ ಕೊಂಡ ಸೀಟಿನ ಮಾತೇನು? 2021ರಿಂದ ದೋಷವಿರುವ ವಾಹನಗಳನ್ನು ವಾಪಸು ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಆದರೆ ವಾಹನಕ್ಕಿರುವಂತೆ ಸೀಟಿಗೆ ಒಡೆಯರ ಹೆಸರು, ವಿಳಾಸ ಇರುವ ಆರ್‌ಸಿ ಇಲ್ಲ. 2020ರಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಪಾಯಕಾರಿ ಸಾಮಾನನ್ನು ಹಿಂದಕ್ಕೆ ತರಿಸಬಲ್ಲದು. 2022ರಲ್ಲಿ ಗುಣಮಟ್ಟದ ಗುರುತಿಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಹಾಗೇ ಮಾಡಿತು. ದೂರು ಹೇಳಲು ಗ್ರಾಹಕ ಸಹಾಯವಾಣಿ 1915. ದೋಷ ಪತ್ತೆಯಾದರೂ ಆ ಸೀಟು ಯಾರ ಮನೆಯಲ್ಲಿದೆ ಎಂದು ಗೊತ್ತಾಗಬೇಕಲ್ಲ? ಒಂದು ಮಿಕ್ಸಿ ಕೊಂಡರೆ ಅಂಗಡಿಯವನು ವಾರಂಟಿ ಕಾರ್ಡಿಗೆ ಹೆಸರು, ಫೋನ್ ನಂಬರು ಬರೆದು ಮೊಹರು ಒತ್ತಿ ಕೊಡುತ್ತಾನೆ. ಆಬಿಡ್ಸಿನಲ್ಲಿ, ಕೊಂಡಾಪುರದಲ್ಲಿ ಮಕ್ಕಳ ಸೀಟು ಮಾರುವ ಪ್ರತಿ ಅಂಗಡಿಯಲ್ಲೂ ಅದೇ ಕಾರ್ಡನ್ನು ಕೇಳಿ ಬರೆಸಿಕೊಳ್ಳಿ, ಒಂದು ಪ್ರತಿ ಕಂಪನಿಗೆ ಹೋಗಲಿ. ಅದನ್ನು ಕಡ್ಡಾಯ ಮಾಡುವ ನಿಯಮವನ್ನು ಸರ್ಕಾರ ತರಲಿ ಎಂಬುದು ನನ್ನ ಬೇಡಿಕೆ.