ಬೀಡಿ ನೋವಿಗೆ ಮದ್ದಲ್ಲ

(ಧಾರಾವಿಯಲ್ಲಿ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ಭಟ್ಟಿಯ ಮುಂದೆ ನಿಂತವನ ಸೊಂಟ ನೋಯದೆ ಇರದು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ದುಡಿದ ಹಿರಿಯರ ಬೆನ್ನುನೋವು ಮಾತ್ರ ಉಳಿದಿದೆ. “ಒಂದು ಬೀಡಿ ಸೇದಿದರೆ ನೋವು ಇಳಿಯುತ್ತದೆ” ಎಂದು ನಮ್ಮವರು ಹೇಳುವುದುಂಟು. ಈ ಮಾತು ಪೂರ್ತಿ ಸುಳ್ಳಲ್ಲ. ಅಪಾಯವಿರುವುದು ಅಲ್ಲಿಯೇ.

ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಸದ ಮೂಲಕ ಸುದ್ದಿ ಮುಟ್ಟಿಸುತ್ತವೆ. ಈ ಬಗೆಯ ಸಂಶೋಧನೆಗಾಗಿ ಹೆನ್ರಿ ಡೇಲ್, ಆಟೋ ಲೋವಿ ಇವರಿಗೆ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಾಣಿ ಕೂಗಿದ ಆರ್ಡರನ್ನು ಒಳಗಿನ ಅಡಿಗೆಭಟ್ಟರು ಕೇಳಿಸಿಕೊಳ್ಳುವುದಿಲ್ಲವೇ? ಹಾಗೆಯೇ ಈ ರಸದ ಕೂಗನ್ನು ಕೇಳುವ ಕಿವಿಗಳು ನರಕೋಶಗಳ ಮೇಲಿವೆ. ಅವಕ್ಕೆ ಗ್ರಾಹಕಗಳೆಂದು ಹೆಸರು. ಮೆದುಳು, ಬೆನ್ನುಹುರಿಗಳಲ್ಲಿ ನೋವನ್ನು ತಗ್ಗಿಸುವ ಏರ್ಪಾಡಿನಲ್ಲಿ ಇವಕ್ಕೂ ಪಾಲುಂಟು.

ತಂಬಾಕಿನ ನಿಕೋಟಿನ್ ಮಾಣಿಯ ದನಿಯಲ್ಲೇ ಕೂಗುತ್ತದೆ. ಒಡನೆ ನೋವು ತುಸು ತಗ್ಗುತ್ತದೆ. ಹಗಲೆಲ್ಲ ಕೂಗಿದರೆ ಆ ಕಿವಿಗಳು ಮಂದವಾಗುತ್ತವೆ. ನಿಕೋಟಿನ್ ಇಳಿದ ಹೊತ್ತಿಗೆ ನೋವು ಮತ್ತೆ ಕೆರಳುತ್ತದೆ. ಆಗ ಇನ್ನೊಂದು ಬೀಡಿ! ಹೊಗೆ ಸೇದುವವರಲ್ಲಿ ದೀರ್ಘಕಾಲದ ಬೆನ್ನುನೋವು ಸೇದದವರಿಗಿಂತ ಹೆಚ್ಚೆಂದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಜಗಿಯುವ ತಂಬಾಕಿನಲ್ಲೂ, ಹಲ್ಲಿಗೆ ತಿಕ್ಕುವ ಮಿಶ್ರಿಯಲ್ಲೂ ಇರುವುದು ಇದೇ ನಿಕೋಟಿನ್.

ಈ ಕಿವಿಗಳ ಮೂಲಕವೇ ಔಷಧ ಮಾಡಬಾರದೇ? ವಿಜ್ಞಾನಿಗಳು ಯತ್ನಿಸಿದ್ದಾರೆ. ಈಕ್ವೆಡಾರ್ ದೇಶದ ಒಂದು ಕಪ್ಪೆಯ ಚರ್ಮದಲ್ಲಿ ಸಿಕ್ಕ ಎಪಿಬಾಟಿಡಿನ್ ಎಂಬ ವಿಷದ ರಚನೆ 1992ರಲ್ಲಿ ಪ್ರಕಟವಾಯಿತು. ಇಲಿಗಳಲ್ಲಿ ಅದು ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಬಲವಾಗಿ ನೋವು ಕಳೆಯಿತು. ಆದರೆ ನೋವು ಕಳೆಯುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಅದು ಮದ್ದಾಗಲಿಲ್ಲ. ವಿಜ್ಞಾನಿಗಳ ಕೈಗೇ ಹತ್ತದ ಮದ್ದು ಬೀಡಿಯ ಕಟ್ಟಿನಲ್ಲಿ ಸಿಕ್ಕೀತೇ?

ತಂಬಾಕು ಬಿಟ್ಟ ಮೊದಲ ದಿನಗಳಲ್ಲಿ ನೋವೂ ಸಿಡುಕೂ ಹೆಚ್ಚಿದಂತೆ ತೋರೀತು, ಅಂಜಬೇಡಿ. 1800-11-2356 ಸಂಖ್ಯೆಗೆ ಖರ್ಚಿಲ್ಲದೆ ಫೋನ್ ಮಾಡಿ ಸಲಹೆ ಪಡೆಯಬಹುದು. ಮೂರು ತಿಂಗಳು ದಾಟಿದ ನೋವನ್ನು ಮಗ್ಗುಲಲ್ಲೇ ಇರುವ ಸಾಯನ್ ಆಸ್ಪತ್ರೆಯಲ್ಲಿ ತೋರಿಸಿ. ತಂಬಾಕಿನ ಚಟವನ್ನು ಡಾಕ್ಟರರಿಂದ ಮುಚ್ಚಿಡಬೇಡಿ.

ಕೊನೆಯದಾಗಿ ಒಂದು ಮಾತು. ಎಷ್ಟೋ ಮಂದಿ ಕೆಲಸಗಾರರಿಗೆ ಬೀಡಿಯೇ ಬಿಡುವಿನ ನೆಪ. ಸೇದುವವನಿಗೆ ಐದು ನಿಮಿಷ ಸಿಗುತ್ತದೆ, ಸೇದದವನಿಗೆ ಅದೂ ಇಲ್ಲ. ಬಂಧುಗಳೇ, ಬಿಡುವನ್ನು ಬಿಡುವೆಂದೇ ಕೇಳೋಣ. ಕೂಡಲು ಒಂದು ಮಣೆ ಕೇಳೋಣ. ಸೊಂಟಕ್ಕೆ ಬೇಕಾದದ್ದು ಅದು.